ಸುಮ್ಮನೆ ಕೂಡುವ ಸಭೆಗೆ ಒಯ್ದ ಕುರ್ಚಿ

ಭಾನುವಾರ, ೫ ಜನವರಿ ೧೯೩೬

ನಾನು ರಾವೂರಿನ ಕಲ್ಲುಖಣಿ ಮನೆತನದ ಶಿವಕಾಂತಮ್ಮ. ವಯಸ್ಸು ಐವತ್ತಮೂರು. ಯಜಮಾನರು ಹೋಗಿ ಹನ್ನೊಂದು ವರ್ಷವಾಯಿತು. ಅಂದಿನಿಂದ ಮನೆ, ಹೊಲ, ಎರಡು ಖಣಿ, ಮೂವತ್ತೆರಡು ಆಳು, ಒಬ್ಬ ಮಗ, ಒಬ್ಬ ಸೊಸೆ ಎಲ್ಲವೂ ನನ್ನ ಮಾತಿನಂತೆ ನಡೆಯುತ್ತಿವೆ. ಸೊಲ್ಲಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದವಳು ನಾನು. ಚಿತ್ತಾಪುರ ತಾಲ್ಲೂಕಿನಲ್ಲಿ ನನ್ನ ಪ್ರಾಯದ ಹೆಂಗಸರಲ್ಲಿ ಅಷ್ಟು ಓದಿದವರು ಇನ್ನೊಬ್ಬರಿದ್ದರೆ ನನಗೆ ತಿಳಿದಿಲ್ಲ. ತಹಸೀಲ್ದಾರರು ಬಂದಾಗ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಾರೆ. ನಾನು ಕುರ್ಚಿಯಿಂದ ಏಳದೆ ಮಾತಾಡುತ್ತೇನೆ. ಈ ಪುಸ್ತಕ ನನ್ನೊಬ್ಬಳಿಗೇ. ಇವತ್ತು ಸುಮಾರು ಒಂದು ತಾಸು ನಾನು ಮಾತಾಡದೆ ಕೂತೆ. ಒಳಗೆ ಉಳಿದ ಮಾತುಗಳನ್ನು ಎಲ್ಲಾದರೂ ಇಡಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಾಡಿ ರಸ್ತೆಯಲ್ಲಿರುವ ನಮ್ಮ ಹಳೆಯ ಗೋದಾಮನ್ನು ಒಬ್ಬ ಇಂಗ್ಲಿಷ್ ಹೆಂಗಸಿಗೆ ದವಾಖಾನೆಗೆಂದು ಕೊಟ್ಟಿದ್ದೇವೆ. ಮಿಸ್ ಹಾರ್ಟನ್ ಎಂದು ಹೆಸರು, ಊರಿಗೆಲ್ಲ ಹಾಟನಬಾಯಿ. ಭಾನುವಾರ ಬೆಳಗ್ಗೆ ಆಕೆ ದವಾಖಾನೆಯಲ್ಲಿ ಜನರನ್ನು ಕೂಡಿಸುತ್ತಾಳೆ, ಆದರೆ ಒಳಗಿನಿಂದ ಸದ್ದೇ ಬರುವುದಿಲ್ಲ ಎಂದು ನಾಲ್ಕು ವಾರದಿಂದ ಕೇಳುತ್ತಿದ್ದೆ. ಹಾಡಿದರೆ ಪಾದ್ರಿ ಕೆಲಸ ಎನ್ನಬಹುದು. ಅತ್ತರೆ ಕಾಯಿಲೆ ಎನ್ನಬಹುದು. ಸದ್ದೇ ಇಲ್ಲದಿದ್ದರೆ ಏನೆನ್ನುವುದು? ನಮ್ಮ ಗೋದಾಮಿನಲ್ಲಿ ಜನರ ಧರ್ಮ ಕೆಡಿಸುತ್ತಿದ್ದರೆ ಕೈಯಾರೆ ಹಿಡಿಯಬೇಕೆಂದು ಇವತ್ತು ಹೊರಟೆ. ಸೊಸೆ ಲಲಿತಾಬಾಯಿಯನ್ನು ಸಾಕ್ಷಿಗೆ ಕರೆದುಕೊಂಡೆ. ಅಲ್ಲಿ ಎಲ್ಲರೂ ನೆಲದ ಮೇಲೆ ಕೂಡುತ್ತಾರೆಂದು ಕೇಳಿ ನನ್ನ ಕುರ್ಚಿಯನ್ನು ಗಾಡಿಯಲ್ಲಿ ಹೇರಿಸಿದೆ. ಯಜಮಾನರು ಹೈದರಾಬಾದಿನಿಂದ ತಂದ ಸಾಗವಾನಿ ಕುರ್ಚಿ ಅದು, ಎರಡು ಕೈಗಳಿಗೂ ಸಿಂಹದ ಮುಖ.

ಒಳಗೆ ಇಪ್ಪತ್ತು ಜನ ಸುತ್ತು ಹಾಕಿ ಕೂತಿದ್ದರು. ನಮ್ಮ ಖಣಿಯ ಹೆಂಗಸರು, ರೈಲು ಹಳಿಯ ಇಬ್ಬರು ಕೂಲಿಗಳು, ದವಾಖಾನೆಯಲ್ಲಿ ಕೆಲಸ ಮಾಡುವ ಸೂಲಗಿತ್ತಿ ಜಾನಬಿ. ಅವರ ನಡುವೆ, ಗೋಡೆಗೆ ಒರಗಿ, ನಮ್ಮ ಮನೆಯ ಪೂಜೆ ಪುನಸ್ಕಾರ ನಡೆಸುವ ಅಯ್ಯನವರಾದ ಮಡಿವಾಳಯ್ಯ.

"ಅಯ್ಯನವರ, ನೀವಿಲ್ಲಿ?" ಎಂದೆ.

"ಇಲ್ಲಿ ಭಾಳ ತಂಪು ಅದ ತಾಯಿ," ಎಂದರು. "ಮತ್ತ ಯಾರೂ ನನ್ನ ಏನೂ ಕೇಳಂಗಿಲ್ಲ."

ಜಾನಬಿ ನಿಯಮ ಹೇಳಿದಳು. ಇವರ ಪಂಥಕ್ಕೆ ಸ್ನೇಹಿತರ ಸಂಘವೆಂದು ಹೆಸರಂತೆ, ಹೊರಗಿನವರು ಕ್ವೇಕರರು ಎನ್ನುತ್ತಾರಂತೆ. ಪಾದ್ರಿ ಇಲ್ಲ, ಹಾಡಿಲ್ಲ, ಪೂಜೆಯಿಲ್ಲ. ಒಂದು ತಾಸು ಸುಮ್ಮನೆ ಕೂಡಬೇಕು. ಯಾರಿಗಾದರೂ ಒಳಗಿನಿಂದ ಮಾತು ಎದ್ದರೆ ಅವರು ನಿಂತು ಆಡಬಹುದು; ಏಳದಿದ್ದರೆ ಇಲ್ಲ.

ನನಗೆ ಮೂರು ಸಲ ಎದ್ದಿತು. ಮೊದಲು, ಕಿಟಕಿ ತೆರೆಯಿರಿ ಎಂದೆ. ಆಮೇಲೆ, ಬಾಗಿಲಲ್ಲಿರುವ ಮೇಕೆ ಯಾರದು ಎಂದೆ. ಕೊನೆಗೆ, ಮುಗಿಯಿತೇ ಎಂದೆ. ಆಗ ಇನ್ನೂ ಅರ್ಧ ತಾಸು ಬಾಕಿ ಇತ್ತು. ಹಿಡಿಯಲು ಏನೂ ಸಿಗಲಿಲ್ಲ. ಸಿಗಬೇಕಾದರೆ ಯಾರಾದರೂ ಏನಾದರೂ ಆಡಬೇಕಲ್ಲ.

ಊಟಕ್ಕೆ ಕೂತಾಗ ಮಗ ಕಲ್ಯಾಣಪ್ಪ ಕೇಳಿ ನಕ್ಕ. "ಒಂದ ತಾಸು ಸುಮ್ನ ಕುಂತಿದ್ದಿ ನೀ? ಅವ್ವಾ, ನೀ ನಿದ್ದಿ ಒಳಗೂ ಆಳಿನ ಕರೀತಿ."

ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ. ಹಿಡಿಯುವುದಕ್ಕೆ. ಜೊತೆಗೆ, ಇವನ ಬಾಯಿ ಮುಚ್ಚಿಸುವುದಕ್ಕೆ.


ಸೋಮವಾರ, ೬ ಜನವರಿ

ಕಲ್ಯಾಣಪ್ಪ ಇವತ್ತು ಸಾಬಮ್ಮ ಎಂಬ ಆಳನ್ನು ಖಣಿಯಿಂದ ಬಿಡಿಸಿದ. ಸರಿಯಾಗಿಯೇ ಮಾಡಿದ.

ಮೂಡಲ ಖಣಿಯ ನೆತ್ತಿಯಲ್ಲಿ ಒಂದು ಬಂಡೆ ಸೂರಿನಂತೆ ಮುಂದಕ್ಕೆ ಚಾಚಿದೆ. ಅದರ ಕೆಳಗಿನ ಪದರದಲ್ಲಿ ನೆಲಕ್ಕೆ ಹಾಸುವ ಅಗಲವಾದ ಫರ್ಶಿಕಲ್ಲು ಏಳುತ್ತದೆ. ರೈಲ್ವೆಯವರ ಹೊಸ ಪ್ಲಾಟ್‌ಫಾರ್ಮಿಗೆ ಹೋಳಿಹುಣ್ಣಿಮೆಯೊಳಗೆ ಫರ್ಶಿ ಕಳಿಸಬೇಕು, ಆದ್ದರಿಂದ ಹನ್ನೆರಡು ಜನ ಅದರ ಕೆಳಗೇ ಕೆಲಸ ಮಾಡುತ್ತಿದ್ದಾರೆ. ಈ ಸಾಬಮ್ಮ ಎಲ್ಲರೆದುರು ಆ ಬಂಡೆ ಟೊಳ್ಳಾಗಿದೆ, ಬೀಳುತ್ತದೆ ಎಂದಳಂತೆ.

ನಮ್ಮ ಕಡೆ ಕಲ್ಲನ್ನು ಕಣ್ಣಿನಿಂದ ನೋಡುವುದಿಲ್ಲ, ಕಿವಿಯಿಂದ ನೋಡುತ್ತೇವೆ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಬಿರುಕಿದ್ದದ್ದು ಡಬ್ ಎನ್ನುತ್ತದೆ. ಆ ಬಂಡೆಯನ್ನು ಯಜಮಾನರೇ ತಟ್ಟಿ ನೋಡಿದ್ದರು. ಮೊಮ್ಮಕ್ಕಳ ಕಾಲಕ್ಕೂ ಅಲುಗುವುದಿಲ್ಲ ಎಂದಿದ್ದರು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಹೋಳಿಗೆ ಮಾಡಿದ್ದೆ. ಅವರು ಉರಿಬಿಸಿಲಿನಲ್ಲಿ ತಡವಾಗಿ ಬಂದು, ತಣ್ಣಗಾದ ಹೋಳಿಗೆಯನ್ನೇ ಏಳು ತಿಂದರು. ಊರೆಲ್ಲ ಅದನ್ನು ಯಜಮಾನರ ಬಂಡೆ ಎಂದೇ ಕರೆಯುತ್ತದೆ. ಕಲ್ಲು ಹೊರುವ ಹೆಂಗಸು ಅದನ್ನು ಟೊಳ್ಳು ಎಂದರೆ ಯಾರನ್ನು ಟೊಳ್ಳು ಎಂದಂತಾಯಿತು?


ಭಾನುವಾರ, ೧೨ ಜನವರಿ

ಒಂದು ಮಾತೂ ಆಡಲಿಲ್ಲ. ಆದರೆ ಕುರ್ಚಿ ನಲವತ್ತು ಸಲ ಮಾತಾಡಿತು.

ಮನೆಯಲ್ಲಿ ಇಷ್ಟು ವರ್ಷ ಅದು ಕಿರಿಗುಟ್ಟುವುದು ನನಗೆ ಕೇಳಿಸಿರಲೇ ಇಲ್ಲ. ಅಲ್ಲಿ ನಾನು ಉಸಿರೆಳೆದುಕೊಂಡರೆ ಬಲಗಡೆಯ ಸಿಂಹ ಗುರ್ ಎನ್ನುತ್ತದೆ, ಬಿಟ್ಟರೆ ಎಡಗಡೆಯದು. ಒಮ್ಮೆ ಸೀನು ಬಂತು. ಎರಡೂ ಸಿಂಹಗಳು ಒಟ್ಟಿಗೆ ಗರ್ಜಿಸಿದವು, ಬಾಗಿಲಲ್ಲಿದ್ದ ಮೇಕೆ ಓಡಿಹೋಯಿತು. ಲಲಿತಾಬಾಯಿ ಸೆರಗು ಬಾಯಿಗೆ ತುರುಕಿಕೊಂಡಳು. ಮುಂದಿನ ಸಲ ಮಣೆ ತರಿಸುತ್ತೇನೆ. ಮಣೆಗೆ ಕೀಲುಗಳಿಲ್ಲ.

ಆ ಸಾಬಮ್ಮನೂ ಬಂದಿದ್ದಳು. ಕಾಗಿಣಾ ಹೊಳೆಯ ದಂಡೆಯ ಮಂದಿ ಇವರು, ಹಿಂದೆ ಹರಿಗೋಲು ಹಾಕುತ್ತಿದ್ದರು, ಈಗ ಗಂಡ ಹೆಂಡತಿ ಇಬ್ಬರೂ ಕಲ್ಲಿಗೆ ಬಂದಿದ್ದಾರೆ. ಸಭೆ ಮುಗಿದ ಮೇಲೆ ಹಾಟನಬಾಯಿ ತನ್ನ ಅರೆಬರೆ ಕನ್ನಡದಲ್ಲಿ, "ಸಾಬಮ್ಮನವರೇ, ಚಹಾ ತಗೊಳ್ಳಿರಿ," ಎಂದಳು. ಸಾಬಮ್ಮ ಯಾರನ್ನು ಕರೆದರೆಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಗೋಡೆ ಇತ್ತು. ತಹಸೀಲ್ದಾರರಿಗೆ ಎಷ್ಟು ಮರ್ಯಾದೆಯೋ ಈಕೆಗೂ ಅಷ್ಟೇ, ಒಂದು ಗುಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ನನಗೂ ಅಷ್ಟೇ. ಅದೇ ಸರಿ ಬರಲಿಲ್ಲ.

ಹಾಟನಬಾಯಿಯನ್ನು ಕೇಳಿದೆ, "ಇಷ್ಟೊತ್ತು ಕುಂತು ಏನ ಕಾಯ್ತೀರಿ ನೀವು?"

ಜಾನಬಿ ಬಿಡಿಸಿ ಹೇಳಿದಳು. "ಎಲ್ಲಾರ ಒಳಗೂ ಒಂದು ಬೆಳಕು ಅದ ಅಂತರಿ. ಅದು ಏನ ಹೇಳ್ತದ ಅಂತ ಕೇಳ್ತಾರಂತ."

"ಅದು ಹೇಳಲಿಲ್ಲಂದ್ರ?"

ಹಾಟನಬಾಯಿಗೆ ಇದು ಅರ್ಥವಾಯಿತು. ತಾನೇ ಹೇಳಿದಳು, "ಚಹಾ ಕುಡಿತೀವಿ."

ನಾನು ಆಕೆಗೆ ತಿಳಿಸಿ ಹೇಳಿದೆ: ಇದರಲ್ಲಿ ಹೊಸದೇನೂ ಇಲ್ಲ. ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ಶರಣರು ಕಲ್ಯಾಣದಲ್ಲಿ ಹೀಗೆ ಕೂಡುತ್ತಿದ್ದರು. ಅಂಬಿಗನೂ ಇದ್ದ, ಮಂತ್ರಿಯೂ ಇದ್ದ, ಹೆಂಗಸರೂ ಇದ್ದರು, ಎಲ್ಲರೂ ಒಂದೇ ನೆಲಕ್ಕೆ. ಆಕೆ ಬಹಳ ಸಂತೋಷಪಟ್ಟು, "ಹಾಗಾದರೆ ನೀವು ನಮಗಿಂತ ಹಳಬರು. ಈಗ ಎಲ್ಲಿ ಕೂಡುತ್ತೀರಿ?" ಎಂದು ಕೇಳಿದಳು.

ಗಾಡಿ ಹೊರಡುವ ಹೊತ್ತಾಗಿತ್ತು.


ಬುಧವಾರ, ೧೫ ಜನವರಿ

ನಿನ್ನೆ ಸಂಕ್ರಾಂತಿ. ಬಂದವರಿಗೆಲ್ಲ ಎಳ್ಳುಬೆಲ್ಲ ಕೊಟ್ಟೆವು. ಊಟದಲ್ಲಿ ನಾನು ಅಭ್ಯಾಸಕ್ಕೆಂದು ಸುಮ್ಮನಿದ್ದು ನೋಡಿದೆ. ಭಾನುವಾರದ ಒಂದು ತಾಸು ಕಷ್ಟವಾಗಬಾರದೆಂದು, ಅಷ್ಟೇ. ನನ್ನ ಮಾತು ಇಲ್ಲದ ಜಾಗದಲ್ಲಿ ಲಲಿತಾಬಾಯಿ ಮಾತಾಡತೊಡಗಿದಳು. ಮದುವೆಯಾಗಿ ಆರು ವರ್ಷವಾಯಿತು, ಇವಳು ಹೂಂ, ಉಹೂಂ ಬಿಟ್ಟು ಬೇರೆ ಮಾತು ಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಚಿಂಚೋಳಿಯ ತನ್ನ ತವರಿನ ಬೀಗರು ತೆಲುಗು ಕನ್ನಡ ಬೆರೆಸಿ ಜಗಳವಾಡುವುದನ್ನು ಅಭಿನಯಿಸಿ ತೋರಿಸಿದಳು. ಆಮೇಲೆ, ದೇವರಾಣೆ, ನನ್ನ ಕುರ್ಚಿಯನ್ನು ಅಭಿನಯಿಸಿದಳು. ಬಲಗಡೆಯ ಸಿಂಹ, ಎಡಗಡೆಯ ಸಿಂಹ, ಮೇಕೆ. ಅಡುಗೆಯ ಭಾಗಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬಂದಳು. ನಾನು ಸಿಟ್ಟಿನ ಮುಖ ಮಾಡಿಕೊಂಡು ನೀರು ಕುಡಿದೆ. ನೀರು ಮೂಗಿಗೆ ಹೋಯಿತು.

ನಾನು ಇಷ್ಟು ಹೊತ್ತು ಸುಮ್ಮನಿದ್ದುದನ್ನು ನೋಡಿ ಕಲ್ಯಾಣಪ್ಪ ಹೆದರಿದ. ಸಂಜೆ ಜಾನಬಿಯನ್ನು ಕರೆಸಿದ. ಅವಳು ನನ್ನ ನಾಲಿಗೆಯ ಕೆಳಗೆ ಗಾಜಿನ ಕಡ್ಡಿ ಇಟ್ಟು, "ಜ್ವರ ಇಲ್ಲರಿ. ಬರೇ ಸುಮ್ನ ಅದಾರ," ಎಂದಳು.


ಭಾನುವಾರ, ೧೯ ಜನವರಿ

ಮಣೆ ಒಯ್ದಿದ್ದೆ. ಅದರ ಒಂದು ಕಾಲು ಗಿಡ್ಡ, ಸ್ವಲ್ಪ ಅಲುಗಿದರೆ ಟಕ್ ಎನ್ನುತ್ತದೆ. ಇರಲಿ, ಇವತ್ತಿನ ವಿಷಯ ಅದಲ್ಲ.

ಅರ್ಧ ತಾಸಾಗಿರಬೇಕು. ಸಾಬಮ್ಮ ಎದ್ದು ನಿಂತಳು. ನೆಲ ನೋಡುತ್ತ ಹೇಳಿದಳು:

"ಯಜಮಾನರ ಬಂಡೆ ಟೊಳ್ಳ ಆಗ್ಯಾದ. ಹೊತ್ತು ಹುಟ್ಟೂಕಿಂತ ಮುಂಚೆ ಥಂಡಿ ಒಳಗ ತಟ್ಟಿದ್ರ ಡಬ್ ಅಂತದ. ಬಿಸಲ ಬಿದ್ದ ಮ್ಯಾಲ ಕಲ್ಲು ಉಬ್ಬಿ ಬಿರುಕು ಮುಚ್ಚಿಕೊಂತದ, ಆವಾಗ ಠಣ್ ಅಂತದ. ಬಿಸಲಾಗ ಕಲ್ಲು ಸುಳ್ಳ ಹೇಳ್ತದ. ಮಾಲಕರು ಬರೋದೇ ಬಿಸಲಿಗಿ. ನನ್ನ ಗಂಡ ಅದರ ತೆಳಗ ಅದಾನ. ಇನ್ನ ಹನ್ನೊಂದ ಮಂದಿ ಅದಾರ. ನಂದು ಇಷ್ಟೇ."

ಕೂತುಬಿಟ್ಟಳು.

ನಾನು ಬಾಯಿ ತೆರೆದೆ. ಜಾನಬಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. ನನ್ನ ಮೊಣಕಾಲಿನ ಮೇಲೆ. "ಇಲ್ಲಿ ಯಾರರ ಆಡಿದ್ರ ಲಗೂನ ಜವಾಬು ಕೊಡಂಗಿಲ್ಲರಿ ಅವ್ವಾರ," ಎಂದು ಪಿಸುಗುಟ್ಟಿದಳು. "ಆ ಮಾತು ಜರಾ ಇಟಗೊಂಡು ಕುಂದರಬೇಕು."

ಇಟ್ಟುಕೊಂಡು ಕೂತೆ. ಅರ್ಧ ತಾಸು. ಬಾಯಲ್ಲಿ ಕೆಂಡ ಇಟ್ಟುಕೊಂಡು ಕೂತ ಹಾಗೆ. ನನ್ನ ಜನ್ಮದಲ್ಲಿ ಒಂದು ಮಾತು ಕೇಳಿ ಇಷ್ಟು ಹೊತ್ತು ಜವಾಬು ಕೊಡದೆ ಇದ್ದದ್ದು ಇದೇ ಮೊದಲು. ಯಾರ ಮಾತು ಎಂಬುದನ್ನು ಬೇರೆ ನೋಡಬೇಕು.


ಸೋಮವಾರ, ೨೦ ಜನವರಿ

ನಿನ್ನೆ ಕೊಡಬೇಕಾಗಿದ್ದ ಜವಾಬುಗಳನ್ನು ಬರೆದಿಡುತ್ತೇನೆ, ಮುಂದಿನ ಭಾನುವಾರ ಮರೆಯಬಾರದು.

ಕಲ್ಲಿನ ವಿಷಯ ನಿನಗೆ ಗೊತ್ತೋ, ಮೂರು ತಲೆಮಾರಿನಿಂದ ಖಣಿ ನಡೆಸಿದವರಿಗೆ ಗೊತ್ತೋ? ಸತ್ತವರ ಮಾತು ಸುಳ್ಳು ಮಾಡಲು ನೀನು ಯಾರು? ನಾವು ಬಿಸಿಲಿಗೆ ಬರುವುದು ಸೋಮಾರಿತನದಿಂದಲ್ಲ, ಬೆಳಗ್ಗೆ ನಮಗೆ ಲಿಂಗಪೂಜೆ ಇರುತ್ತದೆ. ಕೆಲಸ ಹೋದ ಸಿಟ್ಟಿಗೆ ಹೀಗೆ ಹೇಳುತ್ತೀಯೆ. ಇದನ್ನು ಬರೆದ ಮೇಲೆ ಹೊಳೆಯಿತು, ಅವಳು ಹೇಳಿದ್ದಕ್ಕೇ ಕೆಲಸ ಹೋದದ್ದು, ಮೊದಲು ಅದು, ಆಮೇಲೆ ಇದು. ಆ ಸಾಲನ್ನು ಹೊಡೆದು ಹಾಕಿದ್ದೇನೆ. ಇನ್ನೊಂದು: ಅಷ್ಟು ಭಯವಿದ್ದರೆ ಗಂಡನನ್ನು ಕೆಲಸಕ್ಕೆ ಯಾಕೆ ಕಳಿಸುತ್ತೀಯೆ? ಇದು ಬಹಳ ಚೆನ್ನಾಗಿದೆ ಅನ್ನಿಸಿತು. ಆಮೇಲೆ, ಅವನೂ ಮನೆಯಲ್ಲಿ ಕೂತರೆ ಅವರು ಉಣ್ಣುವುದೇನು ಎಂದು ಭಾಗಮ್ಮ ಕೇಳಿದಳು. ನಾನು ಗಟ್ಟಿಯಾಗಿ ಓದುತ್ತಿದ್ದೆನೆಂದು ಕಾಣುತ್ತದೆ.

ಸಾಬಮ್ಮನ ಗಂಡನ ಹೆಸರು ದೇವೀಂದ್ರಪ್ಪ. ಯಾಕೆ ನೆನಪಾಯಿತೋ. ಮುಂದೆ ಬರೆಯುವುದಿಲ್ಲ.


ಭಾನುವಾರ, ೨೬ ಜನವರಿ

ಇವತ್ತು ಆದದ್ದನ್ನು ಹೇಗೆ ಬರೆಯಲಿ.

ಜವಾಬುಗಳನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಮಣೆಯ ಟಕ್ ಟಕ್ ಬೇಡವೆಂದು ಅದನ್ನು ಮನೆಯಲ್ಲೇ ಬಿಟ್ಟಿದ್ದೆ. ಚಾಪೆ ಒಯ್ದಿದ್ದೆವು, ಆದರೆ ಲಲಿತಾಬಾಯಿ ಅದನ್ನು ಜಾನಬಿಗೆ ಕೊಟ್ಟುಬಿಟ್ಟಿದ್ದಳು, ಅವಳಿಗೆ ಸೊಂಟನೋವಂತೆ. ಹೇಗಿದ್ದರೂ ಆ ಗೋದಾಮಿನ ನೆಲ ನಮ್ಮದೇ ಖಣಿಯ ಫರ್ಶಿ. ಸ್ವಂತ ಕಲ್ಲಿನ ಮೇಲೆ ಕೂತರೆ ಕೆಳಗೆ ಕೂತಂತಾಗುವುದಿಲ್ಲ.

ಹತ್ತು ನಿಮಿಷ ಕಾದು ಎದ್ದು ನಿಂತೆ. ಏಳುವಾಗ ಎರಡೂ ಮೊಣಕಾಲು ಲಟಲಟ ಎಂದವು. ಎಲ್ಲರೂ ನನ್ನತ್ತ ನೋಡಿದರು. ಸಾಬಮ್ಮನೂ ನೋಡಿದಳು. ಜವಾಬು ನಾಲಿಗೆಯ ತುದಿಗೆ ಬಂದಿತ್ತು. ಆಗ ಗೋಡೆಯ ಕಡೆಯಿಂದ ಒಂದು ಗೊರಕೆ ಬಂತು. ಅಂಥಿಂಥ ಗೊರಕೆಯಲ್ಲ. ಸರಕಿನ ರೈಲು ವಾಡಿ ಜಂಕ್ಷನ್ನಿಗೆ ಬರುವಾಗ ಮೊದಲು ದೂರದಲ್ಲಿ ಸಣ್ಣಗೆ, ಆಮೇಲೆ ಹತ್ತಿರ, ಕೊನೆಗೆ ಕಿಟಕಿ ನಡುಗುವಂತೆ ಬರುತ್ತದಲ್ಲ, ಹಾಗೆ. ಮಡಿವಾಳಯ್ಯನವರು. ಗೊರಕೆ ನೆತ್ತಿ ಮುಟ್ಟಿ, ನಿಂತು, ಅವರೇ ಎಚ್ಚತ್ತು, ಎಲ್ಲರೂ ತಮ್ಮನ್ನು ನೋಡುತ್ತಿರುವುದನ್ನು ಕಂಡು ಬಹಳ ಗಂಭೀರವಾಗಿ, "ಮಾತು ಎದ್ದಿತ್ತು. ಮತ್ತ ಮಲಗ್ತು," ಎಂದರು.

ನಾನು ನಕ್ಕೆ. ತಡೆಯಲು ನೋಡಿದೆ, ಆಗಲಿಲ್ಲ. ಹೊಟ್ಟೆಯಿಂದ ಎದ್ದು ಬಂತು. ನನ್ನೆದುರು ಸಾಬಮ್ಮ ಮೊದಲು ತುಟಿ ಕಚ್ಚಿದಳು, ಆಮೇಲೆ ಅವಳೂ ನಕ್ಕಳು. ಅವಳ ನಗು ನೋಡಿ ನನಗೆ ಇನ್ನಷ್ಟು ಬಂತು, ನನ್ನದು ನೋಡಿ ಅವಳಿಗೆ. ಗೋದಾಮಿಗೆ ಗೋದಾಮೇ ನಕ್ಕಿತು. ಹಾಟನಬಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಾನು ಕೂಡುವಾಗ ಎಲ್ಲಿ ಕೂತೆನೋ ನೋಡಲಿಲ್ಲ. ಕಣ್ಣೊರೆಸಿ ನೋಡಿದರೆ ಪಕ್ಕದಲ್ಲಿ ಸಾಬಮ್ಮ ಇದ್ದಳು. ಮತ್ತೆ ಎದ್ದು ಜಾಗ ಬದಲಿಸಿದರೆ ಮೊಣಕಾಲು ಸದ್ದು ಮಾಡುತ್ತವೆಂದು ಅಲ್ಲೇ ಕೂತೆ.

ಜವಾಬು ಕೊಡುವುದು ಮರೆತುಹೋಯಿತು.


ಮಂಗಳವಾರ, ೨೮ ಜನವರಿ

ಖಣಿಗೆ ಹೋಗಿದ್ದೆ. ಕಲ್ಯಾಣಪ್ಪ ಹನ್ನೊಂದು ಗಂಟೆಗೆ ನನ್ನೆದುರೇ ಬಂಡೆಯ ನೆತ್ತಿಯನ್ನು ಹತ್ತು ಕಡೆ ತಟ್ಟಿದ. ಹತ್ತು ಕಡೆಯೂ ಠಣ್. "ಕೇಳಿದೆ, ಅವ್ವಾ? ಅಪ್ಪನ ಮಾತು," ಎಂದ. ಗೆದ್ದೆವು ಎನ್ನಿಸಿತು. ಕೆಳಗೆ ಹನ್ನೆರಡು ಜನ ತಲೆಯೆತ್ತಿ ನೋಡುತ್ತಿದ್ದರು. ಅವರಲ್ಲಿ ಯಾರೂ ಗೆದ್ದಂತೆ ಕಾಣಲಿಲ್ಲ. ಬಿಸಿಲು ಜೋರಾಗಿತ್ತು, ಕಲ್ಲು ಆಗಲೇ ಬಿಸಿಯಾಗಿತ್ತು.

ಮನೆಗೆ ಬಂದು ಉಂಡದ್ದು ರುಚಿಸಲಿಲ್ಲ. ಸಾಬಮ್ಮನನ್ನು ಕರೆಸಿದೆ. ಯಾವಾಗಿನಂತೆ ಅಂಗಳದ ಮೆಟ್ಟಿಲ ಕೆಳಗೆ ನಿಂತಳು. ಬಾಗಿ ಮಾತಾಡಿದರೆ ಕತ್ತು ನೋಯುತ್ತದೆ, ಕೂಗಿದರೆ ಊರಿಗೆಲ್ಲ ಕೇಳುತ್ತದೆ.

"ಮ್ಯಾಲ ಬಾ," ಎಂದೆ.

"ಬ್ಯಾಡ್ರಿ. ಇಲ್ಲೇ ಛಲೋ ಅದ."

"ಬಾ ಅಂದ್ರ ಬಾ. ನನ್ನ ಕುತಗಿ ನೋಯ್ತದ."

ಎರಡು ಮೆಟ್ಟಿಲು ಹತ್ತಿದಳು. ನಾನು ಎರಡು ಇಳಿದೆ. ಮಾತಿಗೆ ಅನುಕೂಲವಾಯಿತು.

"ಕಲ್ಲು ಠಣ್ ಅಂತು ಇವತ್ತ. ನಾನೇ ಕೇಳೀನಿ."

"ಎಷ್ಟ ಗಂಟೇಕ್ರಿ?"

"ಹನ್ನೊಂದಕ್ಕ."

ಅವಳು ತಲೆಯೆತ್ತಿ ಬಿಸಿಲು ನೋಡಿದಳು. ನನಗೆ ಸಿಟ್ಟು ಬಂತು. "ಏನರ ಮಾತಾಡು," ಎಂದೆ.

"ನಾ ಆಡಿದ್ದು ಆಡೀನ್ರಿ ಅವ್ವಾರ. ಇನ್ನ ಕಲ್ಲು ಆಡಬೇಕು. ನೀವು ಥಂಡಿ ಒಳಗ ಒಂದ ಸಲ ಬರ್ರಿ. ಸುಳ್ಳಾದ್ರ ನಾ ಈ ಊರ ಬಿಟ್ಟು ಹೋಗ್ತೀನಿ."

"ಬೆಳಗ್ಗಿ ನನಗ ಪೂಜಿ ಇರ್ತದ."

"ನಿಮ್ಮ ಲಿಂಗ ಕೊರಳಾಗೇ ಅದ ಅಲ್ರಿ," ಎಂದಳು. "ಮನ್ಯಾಗ ಬಿಟ್ಟು ಬರೂದು ಏನದ?"

ಇಂಥ ಮಾತಿಗೆ ಹೊಡೆಯಬೇಕೋ, ಎಳ್ಳುಬೆಲ್ಲ ಕೊಡಬೇಕೋ ತಿಳಿಯಲಿಲ್ಲ. ಡಬ್ಬಿಯಲ್ಲಿ ಎಳ್ಳುಬೆಲ್ಲ ಉಳಿದಿತ್ತು, ಕೊಟ್ಟೆ.


ಗುರುವಾರ, ೩೦ ಜನವರಿ

ಬೆಳಗಿನ ಜಾವವೇ ಹೋದೆ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಲಲಿತಾಬಾಯಿ ನನಗೆ ಯಜಮಾನರ ಕಂಬಳಿ ಹೊದಿಸಿ, ತಾನೂ ಬರುತ್ತೇನೆಂದು ಗಾಡಿ ಹತ್ತಿದಳು. ಕಲ್ಯಾಣಪ್ಪ ಮಲಗಿದ್ದ.

ಖಣಿಯ ನೆತ್ತಿಯಲ್ಲಿ ಸಾಬಮ್ಮ ಕಾಯುತ್ತಿದ್ದಳು. ಮೊದಲು ಪೂಜೆ ಎಂದೆ. ಅಲ್ಲೇ ಒಂದು ಚಪ್ಪಡಿಯ ಮೇಲೆ ಕೂತು, ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು, ವಿಭೂತಿ ಧರಿಸಿ ಪೂಜೆ ಮಾಡಿದೆ. ಮನೆಯ ಪೂಜೆಯಲ್ಲಿ ನನಗೆ ನಡುವೆ ಹತ್ತು ಸಲ ಅಡುಗೆ ನೆನಪಾಗುತ್ತದೆ, ಆಳು ನೆನಪಾಗುತ್ತಾರೆ. ಇಲ್ಲಿ ಏನೂ ನೆನಪಾಗಲಿಲ್ಲ. ಬಹುಶಃ ಚಳಿಗೆ.

ಆಮೇಲೆ ಸಾಬಮ್ಮ ಬಂಡೆಯ ಬೇರಿನಲ್ಲಿ, ಅದು ನೆಲಕ್ಕೆ ಸೇರುವ ಕಡೆ ನಿಂತು ಸುತ್ತಿಗೆ ಕೊಟ್ಟಳು. "ಇದರ ಮ್ಯಾಲ ಹೋಗಬ್ಯಾಡ್ರಿ. ಇಲ್ಲಿಂದೇ ಬಾಗಿ ತಟ್ಟರಿ. ಮತ್ತ ಕಿವಿ ಹಚ್ಚರಿ."

ಕಿವಿ ಹಚ್ಚಬೇಕಾದರೆ ಮೊಣಕಾಲೂರಿ, ಅಂಗೈ ಊರಿ, ಕೆನ್ನೆಯನ್ನು ಕಲ್ಲಿಗೆ ಇಡಬೇಕು. ಇಟ್ಟೆ. ಮೊದಲು ನನ್ನ ಎದೆಯದೇ ಸದ್ದು ಕೇಳಿಸಿತು. ಅದು ನಿಲ್ಲುವುದಿಲ್ಲವಲ್ಲ, ಅದನ್ನು ದಾಟಿ ಕೇಳಬೇಕಾಯಿತು. ಭಾನುವಾರಗಳ ರೂಢಿ ಉಪಯೋಗಕ್ಕೆ ಬಂತು. ತಟ್ಟಿದೆ.

ಡಬ್.

ಕಾಳು ತುಂಬುವ ಹಗೇವು ಖಾಲಿಯಿದ್ದಾಗ ಅದರ ಮುಚ್ಚಳ ಬಡಿದ ಹಾಗೆ. ಇನ್ನೊಂದು ಕಡೆ ತಟ್ಟಿದೆ. ಡಬ್. ಮೂರನೆಯದು ತಟ್ಟಿದಾಗ ಒಳಗೆ ಮಣ್ಣು ಉದುರಿದ್ದೂ ಕೇಳಿಸಿತು, ಅಕ್ಕಿ ಚೆಲ್ಲಿದಂತೆ, ತುಂಬ ಕೆಳಗೆ.

ಯಜಮಾನರು ಹೇಗೆ ತಪ್ಪಿದರು ಎಂದು ಕೆನ್ನೆ ಕಲ್ಲಿನ ಮೇಲಿದ್ದ ಹಾಗೆಯೇ ಯೋಚಿಸಿದೆ. ಆಗ ಹೊಳೆಯಿತು. ಉರಿಬಿಸಿಲು. ತಣ್ಣಗಾದ ಹೋಳಿಗೆ. ಅವರು ತಟ್ಟಿದ್ದು ಮಧ್ಯಾಹ್ನ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ನಾನು ಬಾಗಿಲಲ್ಲಿ ಕಾದು ಕಾದು ಸಾಕಾಗಿದ್ದೆ. ಹನ್ನೊಂದು ವರ್ಷ ಆ ಹೋಳಿಗೆಯ ಕತೆಯನ್ನು ನಾನೇ ಎಲ್ಲರಿಗೂ ಹೇಳಿದ್ದೇನೆ. ನಾನು ಹೇಳಿದ್ದನ್ನು ನಾನೇ ಕೇಳಿಸಿಕೊಂಡಿರಲಿಲ್ಲ. ಕಲ್ಲಿನ ಮೇಲೆ ಮುಖವಿಟ್ಟುಕೊಂಡು ನಗಲಾರಂಭಿಸಿದೆ.

"ಏನಾತ್ರಿ ಅವ್ವಾರ?" ಸಾಬಮ್ಮ ಗಾಬರಿಯಾದಳು.

"ಹೋಳಿಗಿ," ಎಂದೆ. ಲಲಿತಾಬಾಯಿಗೆ ಮಾತ್ರ ಅರ್ಥವಾಯಿತು, ಆ ಕತೆ ಕೇಳಿ ಕೇಳಿ ಅವಳಿಗೂ ಸಾಕಾಗಿತ್ತು. ಅವಳೂ ನೆಲಕ್ಕೆ ಕೂತು ನಕ್ಕಳು. ಸಾಬಮ್ಮ ನಮ್ಮಿಬ್ಬರನ್ನೂ ನೋಡಿ, ಇವರಿಗೆ ಥಂಡಿ ನೆತ್ತಿಗೇರಿದೆ ಎಂದುಕೊಂಡಿರಬೇಕು.

ಆಗ ಕೆಲಸದವರು ಬರತೊಡಗಿದರು. ಮುಂದೆ ದೇವೀಂದ್ರಪ್ಪ, ಹೆಗಲ ಮೇಲೆ ಹಾರೆ. ನಾನು ಇಳಿಯುವ ದಾರಿಗೆ ಅಡ್ಡ ಕೂತೆ. ಅಲ್ಲಿ ಕೂಡಲು ಕಲ್ಲು ಬಿಟ್ಟು ಬೇರೇನೂ ಇರಲಿಲ್ಲ. "ಇವತ್ತ ಯಾರೂ ತೆಳಗ ಇಳಿಯಂಗಿಲ್ಲ," ಎಂದೆ. "ನೀವೂ ಕುಂದ್ರಿ ಸಾಬಮ್ಮ, ನಿಂತು ಸಾಕಾಗಿರ್ತದ." ಕುಂದ್ರು ಎನ್ನದೆ ಕುಂದ್ರಿ ಎಂದು ಯಾಕೆ ಬಂತೋ, ಚಳಿಗೆ ನಾಲಿಗೆ ಹಿಡಿತದಲ್ಲಿರಲಿಲ್ಲ. ಸಾಬಮ್ಮ ಈ ಸಲ ಹಿಂದೆ ತಿರುಗಿ ನೋಡಲಿಲ್ಲ. ಕೂತಳು.


ಶನಿವಾರ, ೧ ಫೆಬ್ರುವರಿ

ಎರಡು ದಿನ ಖಣಿ ಖಾಲಿ, ಮನೆಯಲ್ಲಿ ಯುದ್ಧ. ಬಂಡೆಯನ್ನು ಮೇಲಿನಿಂದಲೇ ಮೀಟಿ ಕೆಡವಬೇಕೆಂದೆ. ಅದರ ಕೆಳಗಿನ ಫರ್ಶಿಯೆಲ್ಲ ಪುಡಿಯಾಗುತ್ತದೆ ಎಂದು ಕಲ್ಯಾಣಪ್ಪ.

"ಅವ್ವಾ, ಅದು ಅಪ್ಪನ ಬಂಡೆ."

"ಹೌದಪ್ಪ. ನನ್ನ ಹೋಳಿಗಿ ತಣ್ಣಗ ಮಾಡಿದ ಬಂಡೆ."

"ಹೋಳಿಹುಣ್ಣಿಮಿ ಒಳಗ ಫರ್ಶಿ ಹೋಗಲಿಲ್ಲಂದ್ರ ರೈಲ್ವೇದವರು ಏನಂತಾರ?"

"ಸುಮ್ನ ಕುಂತು ಕಾಯ್ಲಿ. ರೂಢಿ ಆಗ್ತದ."

"ಕೆಡವಲಿಕ್ಕೆ ಎಂಟ ದಿನ ಬೇಕು. ಅಷ್ಟ ಗಟ್ಟಿ ಅದ."

"ಗಟ್ಟಿ ಇದ್ರ ಎಂಟ ದಿನ ತಗೋ."

ಇವತ್ತು ಬೆಳಗ್ಗೆ ಖಣಿಯ ಕೆಳಗಿನಿಂದ ಎಲ್ಲರನ್ನೂ ದೂರ ಸರಿಸಿದೆವು. ದೇವೀಂದ್ರಪ್ಪ ಮತ್ತು ಇನ್ನೂ ಮೂವರು ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗವನ್ನು ಹಿಂದಿನ ಬೇವಿನ ಮರಕ್ಕೆ ಕಟ್ಟಿ, ಬೇರಿನ ಬಿರುಕಿಗೆ ಹಾರೆ ಹಾಕಿದರು. ದೇವೀಂದ್ರಪ್ಪ ಅಂಗೈಗೆ ಉಗುಳಿ, ಎಂಟು ದಿನದ ಕೆಲಸಕ್ಕೆ ಉಸಿರು ತೆಗೆದುಕೊಂಡ. ಒಂದು ಸಲ ಮೀಟಿದ.

ಹೋಯಿತು.

ಇಡೀ ಬಂಡೆ ಒಂದೇ ಸಲಕ್ಕೆ, ಮನೆಯ ಮಾಳಿಗೆ ಕುಸಿದಂತೆ. ನೆಲ ನಡುಗಿತು. ದೇವೀಂದ್ರಪ್ಪ ಮೀಟಿದ ಹಾರೆಯ ಜೊತೆ ಬೋರಲು ಬಿದ್ದು, ಹಗ್ಗದಲ್ಲಿ ತೂಗಾಡಿ ಉಳಿದ. ಧೂಳು ಎದ್ದು ಕೂಡುವವರೆಗೆ ಯಾರೂ ಮಾತಾಡಲಿಲ್ಲ. ಅಂಥ ಮೌನ ಹಾಟನಬಾಯಿಯ ಸಭೆಯಲ್ಲೂ ನಾನು ಕಂಡಿಲ್ಲ. ಕೆಳಗೆ, ಮೊನ್ನೆ ಮೊನ್ನೆಯವರೆಗೆ ಹನ್ನೆರಡು ಜನ ರೊಟ್ಟಿ ಬಿಚ್ಚಿ ಉಣ್ಣುತ್ತಿದ್ದ ಜಾಗ ಕಾಣಿಸಲೇ ಇಲ್ಲ.

ಕಲ್ಯಾಣಪ್ಪನ ಮುಖ ಸುಣ್ಣವಾಗಿತ್ತು. "ಎಂಟ ದಿನ ಅಂದಿದ್ದೆ ನಾ," ಎಂದ.

ದೇವೀಂದ್ರಪ್ಪ ಹಗ್ಗದಲ್ಲಿ ಕೂತೇ ಹೇಳಿದ, "ಉಳದ ಏಳ ದಿನ ಸೂಟಿ ಕೊಡ್ರಿ ಸಾವಕಾರ್ರ."

ಎಲ್ಲರೂ ನಕ್ಕರು. ಕಲ್ಯಾಣಪ್ಪನೂ ನಕ್ಕ, ಆಮೇಲೆ ಕೂತು ಅತ್ತ. ಸಾಬಮ್ಮ ನಗಲೂ ಇಲ್ಲ, ಅಳಲೂ ಇಲ್ಲ. ಮೇಲೆಳೆದುಕೊಂಡ ಗಂಡನ ಸೊಂಟದ ಗಂಟು ಬಿಚ್ಚುತ್ತಿದ್ದಳು, ಹಗ್ಗ ಬಿಗಿದುಕೊಂಡು ಬರುತ್ತಿರಲಿಲ್ಲ. ನಾನು ಬಿಚ್ಚಿಕೊಟ್ಟೆ.


ಭಾನುವಾರ, ೨ ಫೆಬ್ರುವರಿ

ನನ್ನ ತೀರ್ಮಾನವನ್ನು ಇಲ್ಲಿ ಬರೆದಿಡುತ್ತೇನೆ. ನಿನ್ನೆ ಸಂಜೆಯೇ ಜಾರಿಯಾಗಿದೆ, ಯಾರ ಒಪ್ಪಿಗೆಯನ್ನೂ ಕೇಳಿಲ್ಲ.

ಎರಡು ಖಣಿಗಳಲ್ಲೂ ಇನ್ನು ಮುಂದೆ ಸಾಬಮ್ಮ ಥಂಡಿಯಲ್ಲಿ ಕಲ್ಲು ತಟ್ಟಿ ಕೇಳಿ ಹೂಂ ಎನ್ನುವವರೆಗೆ ಒಬ್ಬರೂ ಕೆಳಗಿಳಿಯುವಂತಿಲ್ಲ, ಮಾಲಕನೂ ಇಳಿಯುವಂತಿಲ್ಲ. ಮಾಲಕ ಹೊತ್ತು ಹುಟ್ಟುವ ಮುಂಚೆ ಅಲ್ಲಿರಬೇಕು, ಪೂಜೆ ಅಲ್ಲೇ ಮಾಡಬೇಕು. ಕಲ್ಯಾಣಪ್ಪ ಇವತ್ತು ಕಂಬಳಿ ಹೊದ್ದು, ಸಾಬಮ್ಮನ ಹಿಂದೆ ಸುತ್ತಿಗೆ ಹಿಡಿದು, ಎರಡೂ ಖಣಿ ಸುತ್ತಿದನೆಂದು ಲಲಿತಾಬಾಯಿ ಅಭಿನಯಿಸಿ ತೋರಿಸಿದಳು. ಅವನ ಆಕಳಿಕೆಯನ್ನೂ ಬಿಡಲಿಲ್ಲ.

ಕೇಳುವವಳಿಗೆ ಕೂಡಲು ಒಂದು ಜಾಗ ಬೇಕೆಂದು ಸಿಂಹದ ಕುರ್ಚಿಯನ್ನು ಗಾಡಿಯಲ್ಲಿ ಹೇರಿಸಿ ಖಣಿಯ ನೆತ್ತಿಗೆ ಕಳಿಸಿದ್ದೇನೆ. ಅದರಲ್ಲಿ ದೊಡ್ಡ ಮಾತೇನೂ ಇಲ್ಲ. ಹೇಗಿದ್ದರೂ ಅದು ಕಿರಿಗುಟ್ಟುತ್ತದೆ.

ಸಾಬಮ್ಮ ಅದರಲ್ಲಿ ಕೂಡಲೊಲ್ಲಳಂತೆ. ಮೇಕೆಗೆ ಸಿಗದಿರಲೆಂದು ಅದರ ಮೇಲೆ ರೊಟ್ಟಿಯ ಗಂಟು ಇಟ್ಟಿದ್ದಳಂತೆ. ಇವತ್ತಿನ ಸಭೆಯಲ್ಲಿ ಪಕ್ಕದಲ್ಲೇ ಕೂತಿದ್ದಳು, ಕುರ್ಚಿಯಲ್ಲಿ ಯಾಕೆ ಕೂಡುವುದಿಲ್ಲವೆಂದು ಕೇಳಿದೆ.

"ಅದರ ಮ್ಯಾಲ ಕುಂತ್ರ ಕಲ್ಲಿಂದು ಕೇಳಂಗಿಲ್ರಿ," ಎಂದಳು.

"ಖರೇ ಅದ," ಎಂದೆ.

ಆಮೇಲೆ ನಾವಿಬ್ಬರೂ ಸುಮ್ಮನಾದೆವು. ಮಡಿವಾಳಯ್ಯನವರ ರೈಲು ದೂರದಲ್ಲಿ ಆಗಲೇ ಹೊರಟಿತ್ತು.